ಕಲ್ಲಿನ ಬಣ್ಣ



ಜವಳಗೇರಾದಿಂದ ಸಿಂಧನೂರನ್ನು ಹಾದು ಮಸ್ಕಿಗೆ ಹೋಗುವ ಪ್ರವಾಸಿಗರು ಅಲ್ಲಿನ ಅಶೋಕನ ಶಾಸನವನ್ನು ನೋಡಿ ಹಿಂದಿರುಗುತ್ತಾರೆ. 1915ರಲ್ಲಿ ಬೆಳಕಿಗೆ ಬಂದ ಆ ಶಾಸನದ ಕೀರ್ತಿಯ ಮುಂದೆ ಮಸ್ಕಿಯ ಮಣಿಗಳು ಮರೆಯಾಗಿವೆ. 1954ರಲ್ಲಿ ಬಿ. ಕೆ. ಥಾಪರ್ ಅವರು ನಡೆಸಿದ ಉತ್ಖನನದಲ್ಲಿ ದೊರೆತ ಆ ಮಣಿಗಳಲ್ಲಿ ಕಾರ್ನೀಲಿಯನ್ ಎಂಬ ಕೆಂಗಲ್ಲಿನವೂ ಇದ್ದವು.

ಈ ಜಾತಿಯ ಕಲ್ಲು ನೆಲದಿಂದ ಬರುವಾಗ ಬಹುಮಟ್ಟಿಗೆ ಮಂಕಾದ ಹಳದಿ ಅಥವಾ ಕಂದು. ಅದರೊಳಗೆ ನೀರಿನೊಡನೆ ಬೆರೆತ ಕಬ್ಬಿಣದ ಅಂಶವಿರುತ್ತದೆ. ಹದವಾದ ಬೆಂಕಿಯಲ್ಲಿ ನೀರು ಹೋಗಿ ಕಬ್ಬಿಣ ಕೆಂಪಾಗುತ್ತದೆ. ಗುಜರಾತಿನ ಖಂಭಾತಿನ ಕುಶಲಕರ್ಮಿಗಳು ಕಲ್ಲನ್ನು ಬಿಸಿಲಿಗೊಡ್ಡಿ, ಮಡಕೆಯಲ್ಲಿಟ್ಟು, ಸಣ್ಣ ಉರಿಯಲ್ಲಿ ಕಾಸುವ ವಿದ್ಯೆಯನ್ನು ತಲೆತಲಾಂತರದಿಂದ ಬಲ್ಲರು. ಉರಿ ಹೆಚ್ಚಾದರೆ ಕಲ್ಲು ಸಿಡಿಯುತ್ತದೆ.

ಬೆಂಕಿ ಬಣ್ಣ ಕೊಡುವಂತೆ ಕಳೆಯಲೂ ಬಲ್ಲದು. ಹೊಲದ ಬದುವಿನಲ್ಲಿ ಬಿದ್ದಿರುವ ಬೆಣಚುಕಲ್ಲನ್ನೇ ನೋಡಿ. ಅದರ ಹರಳಿನಲ್ಲಿ ಸಿಲಿಕಾನ್ ಇರಬೇಕಾದ ಕೆಲವೆಡೆ ಅಲ್ಯುಮಿನಿಯಂ ಸೇರಿರುತ್ತದೆ. ಸುತ್ತಲ ಬಂಡೆಯಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳಿಂದ ಹೊಮ್ಮುವ ಕಿರಣಗಳು ಅಂಥ ಎಡೆಯ ಎಲೆಕ್ಟ್ರಾನನ್ನು ಹೊರದೂಡುತ್ತವೆ. ತೆರವಾದ ತಾಣ ಬೆಳಕನ್ನು ನುಂಗುತ್ತದೆ. ಲಕ್ಷಾಂತರ ವರ್ಷಗಳಲ್ಲಿ ತಿಳಿಯಾದ ಹರಳು ಹೊಗೆಬಣ್ಣ ತಾಳುತ್ತದೆ. ಅದನ್ನು ಸುಮಾರು 300–400 ಡಿಗ್ರಿ ಸೆಲ್ಸಿಯಸ್‌ಗೆ ಕಾಸಿದರೆ ಎಲೆಕ್ಟ್ರಾನು ಮನೆಗೆ ಮರಳಿ, ಹರಳು ಮತ್ತೆ ತಿಳಿಯಾಗುತ್ತದೆ. ಇನ್ನೊಮ್ಮೆ ಕಿರಣಕ್ಕೊಡ್ಡಿದರೆ ಮತ್ತದೇ ಹೊಗೆ! ನೇರಳೆಬಣ್ಣದ ಅಮೆಥಿಸ್ಟ್ ಕೂಡ ಕಬ್ಬಿಣ ಮತ್ತು ಕಿರಣಗಳ ಕೂಸೇ. ಕಾಸಿದರೆ ಅದು ಅನೇಕವೇಳೆ ಹಳದಿಯಾಗುತ್ತದೆ.

ಪುರಾತತ್ತ್ವಜ್ಞರಿಗೆ ಇದೊಂದು ಗಡಿಯಾರವಾಗಿ ಒದಗಿದೆ. ಮಡಕೆಯ ಜೇಡಿಮಣ್ಣಿನಲ್ಲಿಯೂ ಬೆಣಚಿನ ಕಣಗಳಿರುತ್ತವೆ. ಕುಂಬಾರನ ಆವಿಗೆಯ ಶಾಖ ಅವುಗಳ ಹಳೆಯ ಲೆಕ್ಕವನ್ನೆಲ್ಲ ಅಳಿಸುತ್ತದೆ. ಅಂದಿನಿಂದ ಕಿರಣಗಳು ಹೊಸ ಲೆಕ್ಕ ಬರೆಯತೊಡಗುತ್ತವೆ. ಪ್ರಯೋಗಾಲಯದಲ್ಲಿ ಆ ಕಣವನ್ನು ಮತ್ತೆ ಕಾಸಿದಾಗ ಅದು ಕ್ಷೀಣವಾಗಿ ಮಿನುಗುತ್ತದೆ. ಆ ಮಿನುಗನ್ನೂ, ವರ್ಷಕ್ಕೆ ಅದಕ್ಕೆ ಸಲ್ಲುತ್ತಿದ್ದ ಕಿರಣದ ಪ್ರಮಾಣವನ್ನೂ ಅಳೆದರೆ ಮಡಕೆ ಸುಟ್ಟ ಕಾಲ ತಿಳಿಯುತ್ತದೆ. ಬರಹವಿಲ್ಲದ ಜನರ ಬಗ್ಗೆ ಅವರ ಒಡೆದ ಮಡಕೆ ಇಷ್ಟು ಹೇಳುವುದು ನನಗೆ ಶಾಸನದಷ್ಟೇ ದೊಡ್ಡ ವಿಸ್ಮಯ.

ಮನುಷ್ಯ ಈ ವಿದ್ಯೆಯನ್ನು ತನ್ನ ಕೈಗೂ ತೆಗೆದುಕೊಂಡ. 20ನೆಯ ಶತಮಾನದ ಆರಂಭದಲ್ಲಿ ವಿಲಿಯಂ ಕ್ರೂಕ್ಸ್ ವಜ್ರಗಳನ್ನು ರೇಡಿಯಂ ಲವಣದಲ್ಲಿ ಹುದುಗಿಸಿ ಹಸಿರಾಗಿಸಿದನು; ಆದರೆ ಅವು ತಾವೇ ವಿಕಿರಣ ಸೂಸತೊಡಗಿದವು. ಇಂದು ಬಣ್ಣವಿಲ್ಲದ ಟೋಪಾಜನ್ನು ಕಿರಣಕ್ಕೊಡ್ಡಿ, ಬಳಿಕ ಕಾಸಿ ನೀಲಿಯಾಗಿಸುತ್ತಾರೆ. ಪರಮಾಣು ರಿಯಾಕ್ಟರಿನಿಂದ ಬಂದ ಕಲ್ಲನ್ನು ಅದರ ವಿಕಿರಣ ತಗ್ಗುವವರೆಗೆ ಕಾದಿರಿಸಬೇಕು. ಶ್ರೀಲಂಕೆಯ ಹಾಲುಬಣ್ಣದ 'ಗೇವುಡ' ಕಲ್ಲುಗಳು ಕುಲುಮೆಯ ತೀವ್ರ ಶಾಖದಲ್ಲಿ ನೀಲಮಣಿಗಳಾಗುತ್ತವೆ.

ಹಾಗಾದರೆ ಇವು ಖೋಟಾ ಕಲ್ಲುಗಳೇ? ಅಲ್ಲವೆಂದೇ ನನ್ನ ಅಭಿಪ್ರಾಯ. ಕೆಂಗಲ್ಲಿನ ಮಣಿಯನ್ನು ಬೆಂಕಿ ಕಂಡಿತೆಂದು ಯಾರೂ ಖೋಟಾ ಎನ್ನುವುದಿಲ್ಲ. ಕಾಸಿದ್ದನ್ನು ಮುಚ್ಚಿಟ್ಟು, ನೆಲದ ಬಣ್ಣವೆಂದು ಬೆಲೆ ಏರಿಸುವುದು ಮಾತ್ರ ಮೋಸ. ಜಾತಕ ತೋರಿಸಿ, ಕೂಡಿಟ್ಟ ಹಣ ತೆತ್ತು ಪುಷ್ಯರಾಗದ ಉಂಗುರ ಕೊಳ್ಳುವ ಸಂಸಾರಗಳು ನಮ್ಮಲ್ಲಿ ಕಡಿಮೆಯಿಲ್ಲ. ಕಲ್ಲಿಗೆ ಯಾವ ಉಪಚಾರವಾಗಿದೆಯೆಂದು ಅವರು ಬರಹದಲ್ಲಿ ಕೇಳಿ ಪಡೆಯಲಿ. ಏಕೆಂದರೆ, ನೀಲಿ ಟೋಪಾಜಿನ ಬಣ್ಣ ನಿಲ್ಲುತ್ತದೆ. ಪೇಲವವಾದ ಕಲ್ಲಿಗೆ ಕಿರಣ ಹಾಯಿಸಿ ತಂದ ಪುಷ್ಯರಾಗದ ಹಳದಿಯಾದರೋ ಕೆಲವೇ ದಿನಗಳ ಬಿಸಿಲಿಗೆ ಮಾಸಿಹೋಗುತ್ತದೆ.