ಲಿಂಕ್ ಇದೆ, ವಿಡಿಯೊ ಇಲ್ಲ

ಮೊನ್ನೆ ಕೊಡಗಿನ ಹುಡುಗನೊಬ್ಬ ಫೋನ್ ಮಾಡಿದ್ದ. "ಸರ್, 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನೀವು ತೋರಿಸಿದ ಕ್ಲಿಪ್ ಬೇಕಿತ್ತು. ಸಾಕ್ಷ್ಯಚಿತ್ರ ಮಾಡ್ತಿದ್ದೀನಿ. ನಮ್ಮಜ್ಜಿ ಮನೆ ಈಗ ಅದರಲ್ಲಿ ಮಾತ್ರ ಇದೆ" ಅಂದ.

ಹುಡುಕಿದೆ. ಲಿಂಕ್ ಇದೆ, ವಿಡಿಯೊ ಇಲ್ಲ. ಸರ್ವರ್‌ನಲ್ಲಿ ಜಾಗ ಸಾಲದೆ ನಾವೇ ಅಳಿಸಿದ್ದೆವು. ಎಂಜಿನಿಯರಿಂಗ್ ಓದಿದ ನನಗೇ ಬ್ಯಾಕಪ್ ನೆನಪಾಗಲಿಲ್ಲ!

ಅಮೆರಿಕದ ಮರಿಯನ್ ಸ್ಟೋಕ್ಸ್ ಎಂಬಾಕೆ ಮೂವತ್ತಕ್ಕೂ ಹೆಚ್ಚು ವರ್ಷ ಮನೆಯಲ್ಲೇ ಟೀವಿ ಸುದ್ದಿ ರೆಕಾರ್ಡ್ ಮಾಡಿ, ಸುಮಾರು 70,000 ಟೇಪು ಉಳಿಸಿದರು.

ನಮ್ಮ ಕಾನೂನು ಪ್ರಸಾರದ ಹಕ್ಕನ್ನು ಚಾನೆಲ್‌ಗೆ 25 ವರ್ಷ ಕೊಡುತ್ತೆ. ಹಕ್ಕು ಇಟ್ಟುಕೊಂಡವರು ವಿಡಿಯೊ ಇಟ್ಟುಕೊಳ್ಳೋದು ಬೇಡ್ವಾ?

ಆ ಕ್ಲಿಪ್ ನಿಮ್ಮಲ್ಲಿ ಯಾರ ಫೋನ್‌ನಲ್ಲಾದರೂ ಇದ್ದರೆ ಕಳಿಸಿಕೊಡಿ. ಅನುಮತಿ ಪತ್ರ ನಾನು ಕೊಡಿಸ್ತೀನಿ.