ನರೋಣಾ ಅಂತ ಹಾಕಿದ್ರೆ ಯಾರು ಕರೀತಾರೆ?

ಇವತ್ತು ರಾಜಕೀಯ ಪಕ್ಕಕ್ಕಿಡೋಣ. ಒಂದು ಫೋನ್ ಕರೆಯ ವಿಷಯ ಹೇಳ್ತೀನಿ.

ಹೋದ ವಾರ ಕಾರ್ಯಕ್ರಮ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬರ್ತಿದ್ದೆ. ಗೊತ್ತಿಲ್ಲದ ನಂಬರ್. "ಸರ್, ನರೋಣಾದಿಂದ ಮಾತಾಡ್ಲಾಕತ್ತೀನ್ರಿ. ಆಳಂದ ತಾಲೂಕು, ಕಲಬುರಗಿ ಜಿಲ್ಲಾ." ಇಪ್ಪತ್ನಾಲ್ಕು ವರ್ಷದ ಹುಡುಗ. ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಆಗಿದೆ. ಅಪ್ಪನಿಗೆ ನಾಲ್ಕು ಎಕರೆ. ಎರಡರಲ್ಲಿ ತೊಗರಿ, ಎರಡರಲ್ಲಿ ಕಬ್ಬು. ಕೆಲಸ ಇಲ್ಲ. "ನೀವು ಟಿವ್ಯಾಗ ಇರ್ತೀರಿ ಸರ್, ಬೆಂಗಳೂರಾಗ ನಿಮಗ ಎಲ್ಲಾರೂ ಪರಿಚಯ ಇರ್ತಾರ. ಯಾರಿಗಾದ್ರೂ ಒಂದ್ ಮಾತು ಹೇಳ್ರಿ. ನಮಗ ಅಲ್ಲಿ ಯಾರೂ ಇಲ್ರಿ."

ಇಂಥ ಕರೆಗಳು ನನಗೆ ಹೊಸದಲ್ಲ. ಆದರೆ ಆ ಕೊನೆಯ ಮಾತು ಮನಸ್ಸಿಗೆ ನಾಟಿತು. ನಮಗ ಅಲ್ಲಿ ಯಾರೂ ಇಲ್ರಿ.

"ಲಿಂಕ್ಡ್‌ಇನ್‌ನಲ್ಲಿ ಇದ್ದೀಯೇನಪ್ಪಾ?" ಅಂತ ಕೇಳಿದೆ. "ಅದೀನ್ರಿ. ಆದ್ರ ಏನೂ ಬರಂಗಿಲ್ರಿ" ಅಂದ. ರಾತ್ರಿ ಮನೆಗೆ ಹೋಗಿ ಅವನ ಪ್ರೊಫೈಲ್ ತೆಗೆದು ನೋಡಿದೆ. ಫೋಟೋ ಯಾವುದೋ ಮದುವೆಯದು. ಪಕ್ಕದವರನ್ನು ಕತ್ತರಿಸಿ ಹಾಕಿದ್ದಾನೆ, ಹೆಗಲ ಮೇಲೆ ಯಾರದೋ ಕೈ ಮಾತ್ರ ಉಳಿದಿದೆ. ಹೆಸರಿನ ಕೆಳಗೆ ಇಂಗ್ಲಿಷಿನಲ್ಲಿ, ಸವಾಲಿನ ಅವಕಾಶಗಳನ್ನು ಹುಡುಕುತ್ತಿರುವ ಉತ್ಸಾಹಿ ಪದವೀಧರ ಅನ್ನೋ ಅರ್ಥದ ಒಂದು ಸಾಲು. ಊರು? ಬೆಂಗಳೂರು ಅಂತ ಹಾಕಿದ್ದಾನೆ!

ಮಾರನೇ ದಿನ ನಾನೇ ಫೋನ್ ಮಾಡಿದೆ. "ಇರೋದು ನರೋಣಾದಲ್ಲಿ, ಬೆಂಗಳೂರು ಅಂತ ಯಾಕಪ್ಪಾ ಬರೆದೆ?" ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ನರೋಣಾ ಅಂತ ಹಾಕಿದ್ರ ಯಾರ್ ಕರೀತಾರ್ರಿ ಸರ್?"

ಏನು ಉತ್ತರ ಕೊಡ್ತೀರಿ ಇದಕ್ಕೆ? ಅದೇ ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಬಂದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಸಂವಿಧಾನದ 371ಜೆ ಕಲಂ ಇದೆ. ಕಲಬುರಗಿ ತೊಗರಿಗೆ ಭೌಗೋಳಿಕ ಗುರುತು ಸಿಕ್ಕಿದೆ. 2019ರಲ್ಲಿ ವಿಮಾನ ನಿಲ್ದಾಣವೂ ಬಂತು. ಇಷ್ಟೆಲ್ಲ ಬಂದ ಮೇಲೂ ಒಬ್ಬ ಹುಡುಗ ತನ್ನ ಊರಿನ ಹೆಸರು ಮುಚ್ಚಿಟ್ಟುಕೊಂಡು ಕೆಲಸ ಹುಡುಕ್ತಾನೆ ಅಂದ್ರೆ, ಇದು ಅವನೊಬ್ಬನ ತಪ್ಪಲ್ಲ. ಹಿಂದುಳಿದವರು, ಹಿಂದುಳಿದವರು ಅಂತ ದಿನಾ ಸುದ್ದಿಯಲ್ಲಿ ಹೇಳಿ ಹೇಳಿ ಅವನ ತಲೆಗೆ ತುಂಬಿದವರಲ್ಲಿ ನಾವೂ ಇದ್ದೀವಿ.

ಮಾತಿನ ಮಧ್ಯೆ ಅವನು ಇನ್ನೊಂದು ವಿಷಯ ಹೇಳಿದ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅಂತ, ಮಣ್ಣಿನ ತೇವ ನೋಡಿ ತಾನೇ ಚಾಲೂ ಆಗಿ ತಾನೇ ಬಂದ್ ಆಗುವ ಪಂಪಿನ ವ್ಯವಸ್ಥೆ ಮಾಡಿದ್ದನಂತೆ. ಅಪ್ಪನ ಕಬ್ಬಿನ ಹೊಲದಲ್ಲಿ ಎರಡು ವರ್ಷದಿಂದ ಅದು ನಡೀತಾ ಇದೆ. ಕರೆಂಟು ಹೋಗಿ ಬಂದಾಗ ಕೆಟ್ಟುಹೋಗ್ತಿತ್ತು, ಅದನ್ನೂ ಇವನೇ ಸರಿ ಮಾಡಿದ್ದಾನೆ. ಪ್ರೊಫೈಲ್‌ನಲ್ಲಿ ಅದರ ಬಗ್ಗೆ ಒಂದಕ್ಷರ ಇಲ್ಲ. ಯಾಕಪ್ಪಾ ಅಂದ್ರೆ, "ಅದೇನ್ ದೊಡ್ಡದ್ರಿ, ನಮ್ಮ ಹೊಲದಾಗಿಂದು."

ನೋಡಿ, ಇದ್ದದ್ದನ್ನು ಮುಚ್ಚಿಟ್ಟ, ಇಲ್ಲದ್ದನ್ನು ಬರೆದ. ನಮ್ಮ ಎಷ್ಟೋ ಹುಡುಗ ಹುಡುಗಿಯರ ಪ್ರೊಫೈಲ್‌ನ ಕಥೆ ಇಷ್ಟೇ.

ಆ ಭಾಗದವರಿಗೆ ಇದನ್ನು ನಾನು ಹೇಳಿಕೊಡಬೇಕಾ? 12ನೇ ಶತಮಾನದ ಶರಣರ ಹೆಸರು ನೆನಪಿಸಿಕೊಳ್ಳಿ. ಮಡಿವಾಳ ಮಾಚಿದೇವ. ಅಂಬಿಗರ ಚೌಡಯ್ಯ. ನುಲಿಯ ಚಂದಯ್ಯ. ಮೇದಾರ ಕೇತಯ್ಯ. ಹೆಸರಿಗಿಂತ ಮೊದಲು ಕಾಯಕ. ಬಟ್ಟೆ ಒಗೆಯೋದನ್ನು, ಹಗ್ಗ ಹೊಸೆಯೋದನ್ನು, ಬುಟ್ಟಿ ಹೆಣೆಯೋದನ್ನು ಯಾರೂ ಮುಚ್ಚಿಡಲಿಲ್ಲ. ಲಿಂಕ್ಡ್‌ಇನ್‌ನಲ್ಲಿ ಹೆಸರಿನ ಕೆಳಗೆ ಹೆಡ್‌ಲೈನ್ ಅಂತ 220 ಅಕ್ಷರದ ಜಾಗ ಕೊಡ್ತಾರಲ್ಲ, ಅಲ್ಲಿ ಬರೀಬೇಕಾದ್ದೂ ಅದೇ. ನೀನು ಏನು ಮಾಡಬಲ್ಲೆ, ಏನು ಮಾಡಿದ್ದೀಯ. ಉತ್ಸಾಹಿ, ಶ್ರಮಜೀವಿ ಅಂತ ಎಲ್ಲರೂ ಬರೀತಾರೆ. "ಎಲೆಕ್ಟ್ರಾನಿಕ್ಸ್ ಇಂಜಿನಿಯರ್, ಮಣ್ಣಿನ ತೇವ ನೋಡಿ ನಡೆಯುವ ಪಂಪ್ ಮಾಡಿದ್ದೇನೆ, ಎರಡು ವರ್ಷದಿಂದ ಹೊಲದಲ್ಲಿ ಕೆಲಸ ಮಾಡ್ತಿದೆ" ಅಂತ ಎಷ್ಟು ಜನ ಬರೆಯೋಕೆ ಸಾಧ್ಯ?

ಈಗ ಪರಿಚಯದ ವಿಷಯಕ್ಕೆ ಬರೋಣ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಮಾತು ಹೇಳಿದರು. ಹೊಸ ಕೆಲಸದ ಸುದ್ದಿ ನಮಗೆ ಆಪ್ತರಿಗಿಂತ ಹೆಚ್ಚಾಗಿ ಅಷ್ಟಕ್ಕಷ್ಟೇ ಪರಿಚಯ ಇರೋರಿಂದ ಬರುತ್ತೆ ಅಂತ. ಯೋಚನೆ ಮಾಡಿ, ಸರಿ ಇದೆ. ಅಣ್ಣ, ಮಾವ, ಗೆಳೆಯ, ಇವರಿಗೆ ಗೊತ್ತಿರೋದು ನಿನಗೂ ಗೊತ್ತಿರುತ್ತೆ. ನಿನಗೆ ಗೊತ್ತಿಲ್ಲದ್ದು ಗೊತ್ತಿರೋದು ಸ್ವಲ್ಪ ದೂರದವರಿಗೆ. ಲಿಂಕ್ಡ್‌ಇನ್‌ನಲ್ಲೇ ಐದು ವರ್ಷ, 2 ಕೋಟಿ ಬಳಕೆದಾರರ ಮೇಲೆ ಇದನ್ನು ಪರೀಕ್ಷೆ ಮಾಡಿ ನೋಡಿದರು. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ತೀರಾ ಹತ್ತಿರದವರೂ ಅಲ್ಲ, ಪೂರ್ತಿ ಅಪರಿಚಿತರೂ ಅಲ್ಲ, ನಡುವೆ ಇರೋರು ಹೊಸ ಕೆಲಸ ಸಿಗೋದಕ್ಕೆ ಹೆಚ್ಚು ನೆರವಾಗ್ತಾರೆ ಅಂತ ಗೊತ್ತಾಯ್ತು.

ಹಾಗಾದರೆ ನಮ್ಮ ಹುಡುಗನಿಗೆ ಯಾರೂ ಇಲ್ಲ ಅನ್ನೋದು ನಿಜವಾ? ಅವನ ಕಾಲೇಜಿನಲ್ಲಿ ನಾಲ್ಕೈದು ವರ್ಷ ಮುಂದೆ ಓದಿದವರಿದ್ದಾರೆ. ಪಾಠ ಮಾಡಿದ ಮೇಷ್ಟ್ರುಗಳಿದ್ದಾರೆ. ಆಳಂದ, ಅಫಜಲಪುರ, ಜೇವರ್ಗಿಯಿಂದ ಪುಣೆಗೆ, ಹೈದರಾಬಾದಿಗೆ, ಬೆಂಗಳೂರಿಗೆ ಹೋದವರಿದ್ದಾರೆ. ಅವರು ನಿನ್ನನ್ನು ಗುರುತು ಹಿಡಿಯೋದು ಹೇಗಪ್ಪಾ? ನೀನು ನರೋಣಾದವನು ಅಂತ ಬರೆದರೆ ತಾನೇ! ನೀನು ಮುಚ್ಚಿಟ್ಟ ಆ ಊರೇ ನಿನ್ನ ಪರಿಚಯ ಚೀಟಿ.

ಅವನಿಗೆ ನಾನು ಹೇಳಿದ್ದು ಇಷ್ಟು. ಒಂದು, ಬೆಳಕಿನಲ್ಲಿ ನಿಂತು ಮುಖ ಸರಿಯಾಗಿ ಕಾಣೋ ಫೋಟೋ ತೆಗೆಸು, ಮೊಬೈಲ್ ಸಾಕು. ಎರಡು, ಇರೋ ಊರು ಬರಿ. ಬೆಂಗಳೂರಿಗೆ ಬರೋಕೆ ಸಿದ್ಧ ಅನ್ನೋದಾದ್ರೆ ಅದಕ್ಕೆ ಬೇರೆ ಜಾಗ ಇದೆ. 'ಓಪನ್ ಟು ವರ್ಕ್' ಅನ್ನೋದರಲ್ಲಿ ಯಾವ ಯಾವ ಊರಾದರೂ ಆಗಬಹುದು ಅಂತ ಪಟ್ಟಿ ಕೊಡಬಹುದು. ಸುಳ್ಳು ಹೇಳಬೇಕಾಗಿಲ್ಲ. ಮೂರು, ಆ ಪಂಪಿನ ಫೋಟೋ ಹಾಕು, ವಿಡಿಯೋ ಹಾಕು, ಎಲ್ಲಿ ಕೆಟ್ಟಿತು, ಹೇಗೆ ಸರಿ ಮಾಡಿದೆ ಅಂತ ಸರಳ ಇಂಗ್ಲಿಷಿನಲ್ಲಿ ಬರಿ. ಬೇರೆಯವರ ಪ್ರೊಫೈಲ್‌ನಿಂದ ಎತ್ತಿದ ಸಾಲು ಸಂದರ್ಶನದ ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತೆ, ನೀನು ಮಾಡಿದ್ದು ಬೀಳಲ್ಲ. ನಾಲ್ಕು, ಪ್ರಾಜೆಕ್ಟ್ ನೋಡಿದ ಮೇಷ್ಟ್ರ ಹತ್ತಿರ ಎರಡು ಸಾಲು ಶಿಫಾರಸು ಬರೆಸು. ಐದು, ಹಿರಿಯರಿಗೆ ಬರೆಯುವಾಗ ಮೊದಲನೇ ಸಾಲಿಗೇ ಕೆಲಸ ಕೊಡಿಸಿ ಅಂತ ಕೇಳಬೇಡ. ಅವರ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳು. ಉತ್ತರ ಬರುತ್ತೆ. ಹತ್ತು ಜನಕ್ಕೆ ಬರೆದರೆ ಇಬ್ಬರಾದರೂ ಬರೀತಾರೆ.

ಇಷ್ಟಕ್ಕೇ ಮುಗಿಸಿದರೆ ನಾನು ಅರ್ಧ ಸತ್ಯ ಹೇಳಿದ ಹಾಗೆ. ಬಾಗಿಲು ತೆರೆದಿಟ್ಟರೆ ಒಳ್ಳೆಯವರಷ್ಟೇ ಒಳಗೆ ಬರ್ತಾರಾ?

2024ರ ಫೆಬ್ರವರಿ ನೆನಪಿದೆಯಾ? ಕಲಬುರಗಿ ಜಿಲ್ಲೆಯ ಯುವಕರು ರಷ್ಯಾದಲ್ಲಿ ಸಿಕ್ಕಿಹಾಕಿಕೊಂಡ ಸುದ್ದಿ ಇದೇ ಪರದೆ ಮೇಲೆ ಓದಿದ್ದೀನಿ. ದುಬೈನಲ್ಲಿ ಕೆಲಸ ಮಾಡ್ತಿದ್ದ ಹುಡುಗರು. ಯೂಟ್ಯೂಬ್ ವಿಡಿಯೋ ಮೂಲಕ ಏಜೆಂಟರ ಬಲೆಗೆ ಬಿದ್ದರು. ಸೆಕ್ಯುರಿಟಿ, ಸಹಾಯಕನ ಕೆಲಸ ಅಂತ ನಂಬಿಸಿದರು. ಹೋಗಿ ನಿಂತದ್ದು ಉಕ್ರೇನ್ ಯುದ್ಧದ ನಡುವೆ. ಹಾಗೇ ಮೋಸ ಹೋದ ಗುಜರಾತಿನ ಒಬ್ಬ ಹುಡುಗ ಅಲ್ಲೇ ಸತ್ತ. ನಮ್ಮವರು ಆ ವರ್ಷದ ಸೆಪ್ಟೆಂಬರ್‌ನಲ್ಲಿ ಮನೆಗೆ ಬಂದರು. ಅಲ್ಲಿವರೆಗೆ ಆ ತಂದೆ ತಾಯಿಗಳು ಹೇಗಿದ್ದರು ಅಂತ ಹೇಳೋಕೆ ನನ್ನ ಹತ್ತಿರ ಮಾತಿಲ್ಲ.

ಆ ಹುಡುಗರು ದಡ್ಡರಲ್ಲ ಸ್ವಾಮಿ. ಕೆಲಸ ಬೇಕಿತ್ತು, ಅಷ್ಟೇ. ಕೆಲಸ ಬೇಕಾದವನ ಅವಸರವೇ ಮೋಸಗಾರನ ಬಂಡವಾಳ. ಲಿಂಕ್ಡ್‌ಇನ್ ಆಗಲಿ, ಯೂಟ್ಯೂಬ್ ಆಗಲಿ, ವಾಟ್ಸ್‌ಆ್ಯಪ್ ಆಗಲಿ, ನಿಯಮ ಒಂದೇ. ಕೆಲಸ ಕೊಡೋನು ನಿನ್ನಿಂದ ದುಡ್ಡು ಕೇಳಿದ್ರೆ ಅಲ್ಲಿಗೇ ಮಾತು ನಿಲ್ಲಿಸು. ಅವನ ಪ್ರೊಫೈಲ್ ಯಾವಾಗ ಶುರುವಾಯ್ತು ಅಂತ ನೋಡು. ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಆ ಕೆಲಸ ಇದೆಯಾ ನೋಡು. ವಿದೇಶದ ಕೆಲಸ ಅಂದ್ರೆ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಆಗಿದ್ದಾನಾ ಅಂತ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಪರೀಕ್ಷಿಸು. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಶುಲ್ಕವೇ ಗರಿಷ್ಠ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದ ಅಂದ್ರೆ ಅರ್ಥ ಮಾಡಿಕೋ. ದುಡ್ಡು ಹೋಯ್ತಾ? ಮರ್ಯಾದೆಗೆ ಅಂಜಿ ಸುಮ್ಮನೆ ಕೂರಬೇಡ, ತಕ್ಷಣ 1930ಕ್ಕೆ ಫೋನ್ ಮಾಡು.

ಕೊನೆಗೆ ಬೆಂಗಳೂರಿನ ಕಂಪನಿಗಳಲ್ಲಿ ಕೂತು ಪ್ರೊಫೈಲ್ ಆರಿಸೋ ನಮ್ಮ ಕನ್ನಡದವರಿಗೂ ಒಂದು ಮಾತು. 371ಜೆ ಸರ್ಕಾರಿ ಹುದ್ದೆಗೆ, ಕಾಲೇಜು ಸೀಟಿಗೆ ಬರುತ್ತೆ. ನಿಮ್ಮ ಬಾಗಿಲಿಗೆ ಬರಲ್ಲ. ಅಲ್ಲಿ ನಡೆಯೋದು ನಿಮ್ಮ ಕಣ್ಣು. ಊರಿನ ಜಾಗದಲ್ಲಿ ಬೆಂಗಳೂರು ಇಲ್ಲ ಅಂತ ಮುಂದಕ್ಕೆ ತಳ್ಳೋ ಮೊದಲು, ಆ ಹುಡುಗ ಏನು ಮಾಡಿದ್ದಾನೆ ಅಂತ ಒಂದು ಸಾಲು ಓದಿ. ನಾನು ಕೇಳೋದು ದಯೆ ಅಲ್ಲ, ಒಂದು ಸಾಲು ಓದಿ ಅಂತ.

ಆ ಹುಡುಗನಿಗೆ ಕೆಲಸ ಸಿಕ್ತಾ? ಇನ್ನೂ ಇಲ್ಲ. ಟಿವಿಯವರು ಅಂತ ಸುಳ್ಳು ಹೇಳೋಕಾಗುತ್ತಾ? ಆದರೆ ನಿನ್ನೆ ಮೆಸೇಜ್ ಕಳಿಸಿದ್ದ. ಪ್ರೊಫೈಲ್‌ನಲ್ಲಿ ಈಗ ನರೋಣಾ ಅಂತಿದೆ, ಪಂಪಿನ ವಿಡಿಯೋ ಇದೆ, ವಿಡಿಯೋದಲ್ಲಿ ಅವರಪ್ಪ ಕಬ್ಬಿನ ಸಾಲಿನಲ್ಲಿ ನಿಂತಿದ್ದಾರೆ. ಅದನ್ನು ನೋಡಿ ಪುಣೆಯಲ್ಲಿರೋ ಅಫಜಲಪುರದ ಒಬ್ಬ ಇಂಜಿನಿಯರ್, ಇದನ್ನ ಹ್ಯಾಂಗ ಮಾಡಿದಿ ತಮ್ಮಾ ಅಂತ ಕೇಳಿದ್ದಾರಂತೆ. ಭಾನುವಾರ ಇಬ್ಬರೂ ಫೋನಿನಲ್ಲಿ ಮಾತಾಡ್ತಾರೆ.

ಅಲ್ಲಿ ಯಾರೂ ಇಲ್ಲ ಅಂದಿದ್ದ ಹುಡುಗನಿಗೆ ಒಬ್ಬರು ಸಿಕ್ಕಿದ್ದಾರೆ. ಅದೂ ಊರಿನ ಹೆಸರು ಬರೆದ ಮೇಲೆ.