ಕೂಡಿ ದುಡಿದ ಕೈಗಳು

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಮೇಷ್ಟರಾಗಿದ್ದಾಗ ಭೂಪಟದ ಮೇಲೆ ಕೋಲಿಟ್ಟು ಐರ್ಲೆಂಡನ್ನು ತೋರಿಸುತ್ತಿದ್ದೆ. ಅಲ್ಲಿನ ಬೆಳೆ ಯಾವುದೆಂದರೆ ಮಕ್ಕಳು ‘ಆಲೂಗೆಡ್ಡೆ’ ಎನ್ನುತ್ತಿದ್ದರು. ಬೆಳೆದವನ ಪಾಡೇನೆಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಬಾಕಿಯನ್ನು ಇಂದು ತೀರಿಸುತ್ತೇನೆ.

ಐರ್ಲೆಂಡಿನ ಪಶ್ಚಿಮದಲ್ಲಿ ಎಷ್ಟೋ ನೆಲ ಬರೀ ಕಲ್ಲು, ಜೌಗು. ನೇಗಿಲು ನಡೆಯದ ಕಡೆ ಬಡ ರೈತ ‘ಲಾಯ್’ ಎಂಬ ಉದ್ದ ಹಿಡಿಯ ಸಲಿಕೆಯನ್ನು ಕಾಲಿನಿಂದ ಒತ್ತಿ, ಮಣ್ಣು ಮಗುಚಿ, ಏರುಮಡಿ ಕಟ್ಟುತ್ತಿದ್ದ. ಕಡಲಂಚಿನವರು ಕಡಲಪಾಚಿಯನ್ನು ಬುಟ್ಟಿಯಲ್ಲಿ ಹೊತ್ತು ತಂದು ಗೊಬ್ಬರ ಹಾಕುತ್ತಿದ್ದರು. ಸೌದೆಗೆ ಮರ ಕಡಿಮೆ. ಕಮ್ಮಾರ ಮಾಡಿಕೊಟ್ಟ ‘ಸ್ಲೇನ್’ ಎಂಬ ಹತಾರದಿಂದ ಜೌಗಿನ ಕಪ್ಪು ಮಣ್ಣನ್ನು ಇಟ್ಟಿಗೆಯಂತೆ ಕತ್ತರಿಸಿ, ಒಣಗಿಸಿ, ಒಲೆಗೆ ಹಾಕುತ್ತಿದ್ದರು. ಒಬ್ಬ ಕತ್ತರಿಸಬೇಕು, ಒಬ್ಬ ಹಿಡಿಯಬೇಕು, ಮತ್ತೊಬ್ಬ ಹರಡಬೇಕು. ಅದಕ್ಕೆ ನೆರೆಹೊರೆ ಕೂಡುತ್ತಿತ್ತು: ಇಂದು ನಿನ್ನ ಹೊಲ, ನಾಳೆ ನನ್ನದು. ಕೂಲಿಯಿಲ್ಲ, ಊಟವುಂಟು. ಅವರ ಮಾತಿನಲ್ಲಿ ಇದು ‘ಮೆಹಲ್’, ನಮ್ಮಲ್ಲಿ ಮುಯ್ಯಾಳು.

ಆದರೆ ನೆಲ ಜಮೀನ್ದಾರನದು. ಧಾನ್ಯ ಮಾರಿ ಗೇಣಿ ಕಟ್ಟಬೇಕು, ಆಲೂಗೆಡ್ಡೆ ತಿಂದು ಬದುಕಬೇಕು. 1845ರಲ್ಲಿ ಗೆಡ್ಡೆಗೆ ರೋಗ ಬಿತ್ತು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವಿನಿಂದ, ಜ್ವರದಿಂದ ಸತ್ತರು. ಆಗಲೂ ಧಾನ್ಯ, ಬೆಣ್ಣೆ ಹೇರಿದ ಹಡಗುಗಳು ಇಂಗ್ಲೆಂಡಿಗೆ ಹೋದವು!

1850ರಲ್ಲಿ ಮೇಯೋ ಜಿಲ್ಲೆಯಲ್ಲಿ ಒಕ್ಕಲೆಬ್ಬಿಸಿದ ಸಂಸಾರದ ಹುಡುಗ ಮೈಕೇಲ್ ಡೇವಿಟ್. ಹನ್ನೊಂದನೆಯ ವಯಸ್ಸಿನಲ್ಲಿ ಇಂಗ್ಲೆಂಡಿನ ಹತ್ತಿ ಗಿರಣಿ ಅವನ ಬಲಗೈ ತಿಂದಿತು. ಆ ಒಂಟಿಗೈಯವನೇ 1879ರಲ್ಲಿ ರೈತರ ‘ಲ್ಯಾಂಡ್ ಲೀಗ್’ ಕಟ್ಟಲು ಮುಂದಾದ.

1880ರ ಸುಗ್ಗಿಯಲ್ಲಿ ಅದೇ ಮೇಯೋದಲ್ಲಿ, ಜಮೀನ್ದಾರನ ಏಜೆಂಟ್ ಕ್ಯಾಪ್ಟನ್ ಬಾಯ್ಕಾಟ್ ಕೇಳಿದಷ್ಟು ಗೇಣಿ ಇಳಿಸದೆ ರೈತರನ್ನು ಎಬ್ಬಿಸಲು ಹೊರಟ. ಊರು ಕೈ ಹಿಂತೆಗೆಯಿತು. ಕೊಯ್ಲಿಗೆ ಆಳಿಲ್ಲ, ಲಾಳಕ್ಕೆ ಕಮ್ಮಾರನಿಲ್ಲ, ಬಟ್ಟೆ ಒಗೆಯುವವರಿಲ್ಲ. ಹೊರಗಿನಿಂದ 50 ಆಳು ತಂದು, ಸುಮಾರು ಸಾವಿರ ಸೈನಿಕರು ಮತ್ತು ಪೊಲೀಸರ ಕಾವಲಿನಲ್ಲಿ ಬೆಳೆ ತೆಗೆಸಬೇಕಾಯಿತು. ಬೆಳೆಗಿಂತ ಕಾವಲಿನ ಖರ್ಚೇ ಎಷ್ಟೋ ಪಟ್ಟು! ವರ್ಷ ಮುಗಿಯುವ ಮೊದಲೇ ಆತ ಊರು ಬಿಟ್ಟ. ‘ಬಾಯ್ಕಾಟ್’ ಎಂಬ ಮಾತು ಹುಟ್ಟಿದ್ದು ಅವನ ಹೆಸರಿನಿಂದಲೇ.

1903ರ ಕಾನೂನಿನ ಮೇಲೆ ಬಹಳ ಗೇಣಿದಾರರು ಕಂತಿನ ಸಾಲದಲ್ಲಿ ನೆಲ ಕೊಂಡರು. ನೆಲವಿಲ್ಲದ ಕೂಲಿಯವರಲ್ಲಿ ಬಹುಪಾಲು ಮಂದಿ ಹಾಗೆಯೇ ಉಳಿದರು. ಭೂಮಿ ಇಡೀ ಜನರದಾಗಬೇಕೆಂದ ಡೇವಿಟ್‌ನ ಮಾತು ನಡೆಯಲಿಲ್ಲ. ಇದನ್ನೂ ಮರೆಯಬಾರದು.

ಅಂಥ ಹಳೆಯ ಹತಾರಗಳನ್ನು ಈಗ ಮೇಯೋದ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಅವನ್ನು ನೋಡಿ ಚೆಂದವೆನ್ನುವವರು, ಹಿಡಿದ ಕೈಗೆ ದಕ್ಕಿದ್ದೇನೆಂದೂ ಕೇಳಲಿ. ಕೂಡಿ ದುಡಿಯಬಲ್ಲ ಊರಿಗೆ ಕೂಡಿ ಕೈ ಕಟ್ಟಿ ನಿಲ್ಲುವುದೂ ಬರುತ್ತದೆ. ಮುಯ್ಯಾಳು ಕಂಡ ನಿಮಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.